ಲೋಣಾವಳದಿಂದ ರಾಜಮಾಚಿಗೆ ನಡಿಗೆ: ಅಪ್ಪ-ಅಮ್ಮ, ಮಗಳ ಜೊತೆ ಒಂದೇ ದಿನದಲ್ಲಿ ಆಗುತ್ತಾ?

ಚಿಂಚವಡ_ವಾಸಿ
ಎಲ್ಲರಿಗೂ ನಮಸ್ಕಾರ. ಡಿಸೆಂಬರ್ ಕೊನೆಯ ವಾರ ಧಾರವಾಡದಿಂದ ಅಪ್ಪ-ಅಮ್ಮ ಬರುತ್ತಿದ್ದಾರೆ. ಮಗಳಿಗೂ ಶಾಲೆ ರಜೆ. ಮಾಲು, ಸಿನಿಮಾ ಬೇಡ, ಬೆಟ್ಟದ ಕಡೆ ಎಲ್ಲಾದರೂ ನಡೆದುಕೊಂಡು ಹೋಗೋಣ ಅಂತ ಅಪ್ಪನೇ ಹೇಳಿದ್ದಾರೆ. ಮುಂಬೈ-ಪುಣೆ ನಡುವಿನ ಲೋಣಾವಳದಿಂದ ರಾಜಮಾಚಿ ಕೋಟೆಗೆ ಹೋಗುವ ದಾರಿಯ ಒಂದು ವಿಡಿಯೋ ನೋಡಿದೆ. "ತುಂಬಾ ಸುಲಭ, ಯಾರು ಬೇಕಾದರೂ ಹೋಗಬಹುದು" ಅಂತ ಅದರಲ್ಲಿ ಹೇಳುತ್ತಾರೆ.

ಅಪ್ಪನಿಗೆ 67. ದಿನಾ ಬೆಳಿಗ್ಗೆ ಐದಾರು ಕಿ.ಮೀ. ನಡೆಯುತ್ತಾರೆ. ಅಮ್ಮನಿಗೆ ಆಗಾಗ ಮೊಣಕಾಲು ನೋವು. ಮಗಳಿಗೆ ಒಂಬತ್ತು ವರ್ಷ, ಕಾಲು ಗಟ್ಟಿ, ತಾಳ್ಮೆ ಕಡಿಮೆ. ಬೆಳಿಗ್ಗೆ ಹೊರಟು ಸಂಜೆಗೆ ವಾಪಸ್ ಬರಬಹುದಾ? ನೀರು, ಊಟ ಸಿಗುತ್ತಾ? ಹೋಗಿ ಬಂದವರು ದಯವಿಟ್ಟು ಹೇಳಿ.

ವಾಕಡ್_ಟೆಕ್ಕಿ
ಸುಲಭ ಸರ್, ಆರಾಮಾಗಿ ಹೋಗಿ ಬನ್ನಿ. ದಾರಿ ತಪ್ಪೋ ಮಾತೇ ಇಲ್ಲ, ಅಗಲವಾದ ಕಚ್ಚಾ ರಸ್ತೆ.

ಡೊಂಬಿವಲಿ_ರಾಯರು
ವಾಕಡ್‌ನವರು ಹೇಳಿದ್ದು ಅರ್ಧ ಸತ್ಯ. ಏರು ಕಡಿಮೆ, ಅದು ಸರಿ. ಆದರೆ ದೂರ ಎಷ್ಟು ಅಂತ ಅವರು ಹೇಳಲಿಲ್ಲ. ಲೋಣಾವಳ ಸ್ಟೇಷನ್‌ನಿಂದ ಕೋಟೆ ಬುಡದ ಹಳ್ಳಿಗೆ ಸುಮಾರು 15-16 ಕಿ.ಮೀ. ಇದೆ. ನಡೆದು ರೂಢಿ ಇರುವವರಿಗೇ ನಾಲ್ಕೂವರೆ ಐದು ಗಂಟೆ ಬೇಕು. ಅಷ್ಟೇ ದೂರ ವಾಪಸ್ ನಡೆಯಬೇಕು ಅಂದರೆ 30 ಕಿ.ಮೀ. ದಾಟುತ್ತೆ. ಮೊಣಕಾಲು ನೋವಿರುವ ತಾಯಿಯವರನ್ನು, ಒಂಬತ್ತು ವರ್ಷದ ಮಗುವನ್ನು ಹಾಗೆ ನಡೆಸೋದು ಬೇಡ.

ದಾರಿ ಹೀಗಿದೆ. ಸ್ಟೇಷನ್ ಬಿಟ್ಟು ತುಂಗಾರ್ಲಿ ಕಡೆ ಹೋಗಬೇಕು. ತುಂಗಾರ್ಲಿ ಕೆರೆಯ ಕಟ್ಟೆವರೆಗೆ ಡಾಂಬರು, ಅಲ್ಲಿ ಒಂದು ಏರು. ಲೋಣಾವಳ ಕಡೆಯಿಂದ ಹೋಗುವವರಿಗೆ ಉಸಿರು ಹಿಡಿಸುವ ಏರು ಅದೊಂದೇ. ಆಮೇಲೆ ಬೆಟ್ಟದ ನೆತ್ತಿ ಮೇಲೆ ಸ್ವಲ್ಪ ಹತ್ತು, ಸ್ವಲ್ಪ ಇಳಿ, ಹೀಗೇ ಸಾಗುತ್ತೆ. ಫಣಸರಾಯಿ ಅಂತ ಒಂದು ಚಿಕ್ಕ ಹಳ್ಳಿ ಸಿಗುತ್ತೆ. ಮಳೆಗಾಲದಲ್ಲಿ ಅಡ್ಡ ಬರುವ ಹಳ್ಳಗಳು ಡಿಸೆಂಬರ್‌ಗೆ ಒಣಗಿರುತ್ತವೆ, ಹಾಗಾಗಿ ದಾರಿಯ ನೀರನ್ನು ನಂಬಬೇಡಿ. ಒಬ್ಬೊಬ್ಬರಿಗೆ ಎರಡೆರಡು ಲೀಟರ್ ಮನೆಯಿಂದಲೇ ಹೊತ್ತುಕೊಳ್ಳಿ.

ಕವಲುಗಳೂ ಇವೆ. ಅನುಮಾನ ಬಂದರೆ ದನ ಕಾಯುವವರನ್ನೋ ಸೌದೆ ತರುವವರನ್ನೋ "ಉಧೇವಾಡಿ ಕಡೆ ದಾರಿ ಯಾವುದು" ಅಂತ ಕೇಳಿ. ಹಳ್ಳಿಯ ಹೆಸರು ಉಧೇವಾಡಿ. ರಾಜಮಾಚಿ ಕೋಟೆಯ ಹೆಸರು.

ಥಾಣೆ_ಹುಡುಗ
ಇಷ್ಟೆಲ್ಲಾ ಯಾಕೆ? ಘಟ್ಟದ ಕೆಳಗಿನ ಕರ್ಜತ್ ಕಡೆಯಿಂದ ಹೋಗಿ. ಕೊಂಡಿವಡೆ ಹಳ್ಳಿಯಿಂದ ಎರಡೂವರೆ ಮೂರು ಗಂಟೆಯಲ್ಲಿ ಮೇಲೆ ತಲುಪಬಹುದು. ದಾರಿಯಲ್ಲಿ ಕೊಂಡಾಣೆ ಗುಹೆಗಳೂ ಸಿಗುತ್ತವೆ. ಲೋಣಾವಳ ದಾರಿ ನಡೆದು ನಡೆದು ಬೇಜಾರು.

ಮುಲುಂಡ್_ಅಕ್ಕ
ತಮ್ಮಾ, ಪ್ರಶ್ನೆ ಓದಿದ್ಯಾ? ಅವರ ಅಮ್ಮನಿಗೆ ಮೊಣಕಾಲು ನೋವು ಅಂತ ಬರೆದಿದ್ದಾರೆ. ಕರ್ಜತ್ ಕಡೆಯದು ನೆಟ್ಟಗೆ ಏರು. ಹತ್ತುವಾಗ ಹೇಗೋ ಹತ್ತಬಹುದು, ಇಳಿಯುವಾಗ ಮೈಭಾರವೆಲ್ಲ ಮೊಣಕಾಲಿನ ಮೇಲೇ. ಒಣಗಿದ ಹುಲ್ಲು, ಸಡಿಲ ಕಲ್ಲು ಬೇರೆ. ನನ್ನ ಅತ್ತೆಯವರಿಗೂ ಇದೇ ತೊಂದರೆ. ಸಮ ದಾರಿಯಲ್ಲಿ ಎಂಟು ಕಿ.ಮೀ. ನಗುನಗುತ್ತಾ ನಡೆಯುತ್ತಾರೆ, ಎರಡು ಮಹಡಿ ಮೆಟ್ಟಿಲು ಇಳಿದರೆ ರಾತ್ರಿ ಎಣ್ಣೆ ತಿಕ್ಕಿಸಿಕೊಳ್ಳಬೇಕು.

ಥಾಣೆ_ಹುಡುಗ
ಅಕ್ಕಾ, ಅವರ ತಂದೆಗೆ ಆಗುತ್ತಲ್ವಾ? ದಿನಾ ನಡೆಯುವವರು.

ಡೊಂಬಿವಲಿ_ರಾಯರು
ಪಾರ್ಕಿನಲ್ಲಿ ಐದು ಕಿ.ಮೀ. ನಡೆಯೋದು ಬೇರೆ, ಬಿಸಿಲಲ್ಲಿ ಚೀಲ ಹೊತ್ತು ಕಲ್ಲು ದಾರಿಯಲ್ಲಿ ಹದಿನೈದು ನಡೆಯೋದು ಬೇರೆ. ತಂದೆಯವರಿಗೆ ಲೋಣಾವಳ ಕಡೆಯಿಂದ ಒಂದು ಸಲದ ನಡಿಗೆ ಆಗುತ್ತೆ ಅನ್ನಿಸುತ್ತೆ. ಈಗಿನಿಂದಲೇ ವಾರಕ್ಕೆ ಒಂದು ದಿನ ಹತ್ತು ಕಿ.ಮೀ. ನಡೆದು ನೋಡಲಿ. ಮೈ ಏನು ಹೇಳುತ್ತೆ ಅಂತ ಗೊತ್ತಾಗುತ್ತೆ.

ಚಿಂಚವಡ_ವಾಸಿ
ರಾಯರೇ, ತುಂಬಾ ಧನ್ಯವಾದ. ವಿಡಿಯೋದಲ್ಲಿ ದೂರದ ಮಾತೇ ಇರಲಿಲ್ಲ. ಹಾಗಾದರೆ ಹೋಗುವಾಗ ನಡೆದು, ಬರುವಾಗ ಜೀಪಲ್ಲಿ ಬರಬಹುದಾ?

ಬೆಳ್ತಂಗಡಿ_ಬೊರಿವಲಿ
ಬರಬಹುದು ಮಾರಾಯ್ರೆ. ಮಳೆ ಇಲ್ಲದ ತಿಂಗಳುಗಳಲ್ಲಿ ಜೀಪು ಹಳ್ಳಿವರೆಗೆ ಹೋಗುತ್ತೆ. ಹಿಂದಿನ ದಿನವೇ ಮಾತಾಡಿಟ್ಟುಕೊಳ್ಳಿ, ಅಲ್ಲಿ ಹೋಗಿ ಹುಡುಕುವ ಕೆಲಸ ಬೇಡ. ನಿಮ್ಮ ಸ್ವಂತ ಕಾರು ಮಾತ್ರ ಒಯ್ಯಬೇಡಿ, ಕಲ್ಲಿಗೆ ಅಡಿಭಾಗ ತಾಗುತ್ತೆ.

ಇನ್ನೊಂದು ಮಾತು. ಅಮ್ಮನವರನ್ನು ಮನೆಯಲ್ಲಿ ಬಿಟ್ಟು ಹೋಗುವ ಯೋಚನೆ ಮಾಡಬೇಡಿ. ಅವರು ಯಾರಾದರೂ ಒಬ್ಬರ ಜೊತೆ ಬೆಳಿಗ್ಗೆ ತಡವಾಗಿ ಹೊರಟು ಜೀಪಲ್ಲೇ ಹಳ್ಳಿಗೆ ಬರಲಿ. ನಡೆದವರೂ ಜೀಪಿನವರೂ ಊಟದ ಹೊತ್ತಿಗೆ ಹಳ್ಳಿಯಲ್ಲಿ ಸೇರಿ. ನಮ್ಮ ಮನೆಯವರು ಹೀಗೇ ಮಾಡೋದು.

ವಾಕಡ್_ಟೆಕ್ಕಿ
ಜೀಪಲ್ಲಿ ಹೋದರೆ ಚಾರಣ ಅಂತ ಹೇಗೆ ಹೇಳೋದು? ಧೂಳು ಎಬ್ಬಿಸಿಕೊಂಡು ಹೋಗ್ತಾರೆ, ನಡೆಯುವವರ ಬಾಯಿಗೆಲ್ಲ ಮಣ್ಣು.

ಮುಲುಂಡ್_ಅಕ್ಕ
ಧೂಳಿನ ಮಾತು ಒಪ್ಪುತ್ತೇನೆ. ಆದರೆ ಅರವತ್ತು ದಾಟಿದ ಹೆಂಗಸಿಗೆ ಕಾಡು, ಕೋಟೆ ನೋಡುವ ಆಸೆ ಇರಬಾರದಾ? ನಮ್ಮ ಅಮ್ಮಂದಿರು ಜೀವಮಾನವೆಲ್ಲ ಬುತ್ತಿ ಕಟ್ಟಿ ಬೇರೆಯವರನ್ನು ಕಳಿಸಿದವರೇ. ಒಂದು ಸಲ ಅವರೂ ಹೋಗಿ ಬರಲಿ.

ವಾಕಡ್_ಟೆಕ್ಕಿ
ಸರಿ ಅಕ್ಕಾ, ಆ ಅರ್ಥದಲ್ಲಿ ಹೇಳಲಿಲ್ಲ. ಅವರು ಖಂಡಿತ ಜೀಪಲ್ಲಿ ಬರಲಿ. ಕಾಲು ಗಟ್ಟಿ ಇರುವವರೂ ಹತ್ತಿ ಕೂರುತ್ತಾರಲ್ಲ, ನನ್ನ ತಕರಾರು ಅದಕ್ಕೆ.

ವಿಜಯಪುರ_ಗೌಡ್ತಿ
ಊಟದ ಬಗ್ಗೆ ಯಾರೂ ಸರಿಯಾಗಿ ಹೇಳಲೇ ಇಲ್ಲ. ಉಧೇವಾಡಿಯಲ್ಲಿ ಹೋಟೆಲ್ ಅಂತ ಹುಡುಕಬೇಡಿ, ಮನೆಗಳಲ್ಲೇ ಊಟ ಮಾಡಿ ಬಡಿಸುತ್ತಾರೆ. ಪಿಠ್ಲಾ (ಕಡಲೆಹಿಟ್ಟಿನ ಗೊಜ್ಜು), ಭಾಕ್ರಿ (ರೊಟ್ಟಿ), ಒಂದು ಪಲ್ಯ, ಅನ್ನ, ಸಾರು, ಠೇಚಾ (ಮೆಣಸಿನಕಾಯಿ ಚಟ್ನಿ). ಎಷ್ಟು ಜನ ಅಂತ ಮೊದಲೇ ಫೋನ್ ಮಾಡಿ ಹೇಳಬೇಕು.

ನಾವು ಹೋದ ಮನೆಯಲ್ಲಿ ಅಕ್ಕಿ ಹಿಟ್ಟಿನ ಭಾಕ್ರಿ. ಬಿಸಿನೀರಲ್ಲಿ ಹಿಟ್ಟು ನಾದಿ, ಎರಡು ಕೈಗಳ ನಡುವೆಯೇ ತಟ್ಟಿ ಅಗಲ ಮಾಡುತ್ತಿದ್ದರು. ಮಣೆ ಇಲ್ಲ, ಲಟ್ಟಣಿಗೆ ಇಲ್ಲ. ಹಂಚಿಗೆ ಹಾಕಿ ಮೇಲೆ ನೀರು ಸವರಿ, ಅದು ಆರಿದ ಮೇಲೆ ತಿರುವಿ, ಕೊನೆಗೆ ಹಂಚು ತೆಗೆದು ಭಾಕ್ರಿಯನ್ನು ಕೆಂಡದ ಪಕ್ಕ ನಿಲ್ಲಿಸುತ್ತಿದ್ದರು. ಪೂರಿ ಹಾಗೆ ಉಬ್ಬುತ್ತಿತ್ತು. ನಾನು ಜೋಳದ ರೊಟ್ಟಿ ಬಡಿದು ಬೆಳೆದವಳು, ಅವರ ಪಕ್ಕದಲ್ಲೇ ಕೂತು ಒಂದೆರಡು ತಟ್ಟಿದೆ. ಅಕ್ಕಿ ಹಿಟ್ಟಿಗೆ ಜಿಗುಟು ಕಡಿಮೆ, ಅಂಚು ಬೇಗ ಸೀಳುತ್ತೆ, ಅದಕ್ಕೇ ಕೈ ಒದ್ದೆ ಮಾಡಿಕೊಳ್ಳುತ್ತಲೇ ಇರಬೇಕು ಅಂತ ಆ ಮನೆಯಾಕೆ ತೋರಿಸಿಕೊಟ್ಟರು. ಮರಾಠಿ ನನಗೆ ಅಷ್ಟಕ್ಕಷ್ಟೇ, ಆದರೂ ಮಾತು ನಿಲ್ಲಲಿಲ್ಲ. ನಿಮ್ಮ ತಾಯಿಯವರು ಧಾರವಾಡದವರಲ್ವಾ, ಅವರಿಗೆ ಆ ಅಡುಗೆಮನೆ ಬಿಟ್ಟು ಏಳೋಕೆ ಮನಸ್ಸು ಬರಲ್ಲ ನೋಡಿ.

ಚಿಂಚವಡ_ವಾಸಿ
ಅಮ್ಮನಿಗೆ ಇದನ್ನು ಫೋನಲ್ಲಿ ಓದಿ ಹೇಳಿದೆ. ಈಗಲೇ ಶೇಂಗಾ ಚಟ್ನಿಪುಡಿ ಕಟ್ಟಿಕೊಂಡು ಬರುತ್ತೇನೆ, ಆ ಮನೆಯವರಿಗೂ ಕೊಡೋಣ ಅಂತಿದ್ದಾರೆ.

ಸಾಂತಾಕ್ರೂಜ್_ಶೆಟ್ರು
ಮೇ ಕೊನೆಯಲ್ಲಿ ಹೋಗಿ ಸರ್. ಮಿಂಚುಹುಳ! ಇಡೀ ಮರ ಬೆಳಗುತ್ತೆ. ಡಿಸೆಂಬರ್‌ನಲ್ಲಿ ಏನಿದೆ ಅಲ್ಲಿ?

ಕಾಡು_ದಾರಿ
ಶೆಟ್ರೇ, ದಯವಿಟ್ಟು ಎಲ್ಲರಿಗೂ ಆ ಸಲಹೆ ಕೊಡಬೇಡಿ. ಮೇ ಕೊನೆಯಿಂದ ಜೂನ್ ಮಧ್ಯದವರೆಗೆ, ಜೋರು ಮಳೆ ಹಿಡಿಯುವ ಮೊದಲು, ಅಲ್ಲಿ ಮಿಂಚುಹುಳ ಕಾಣೋದು ನಿಜ. ಆದರೆ ಆ ಬೆಳಕು ಹೆಣ್ಣು-ಗಂಡು ಒಂದನ್ನೊಂದು ಹುಡುಕಿಕೊಳ್ಳುವ ಸಂಜ್ಞೆ. ರಾತ್ರಿ ಜೀಪಿನ ಹೆಡ್‌ಲೈಟ್, ಮೊಬೈಲ್ ಟಾರ್ಚ್ ಬಿದ್ದರೆ ಅವಕ್ಕೆ ಜೊತೆ ಸಿಗೋದು ಕಷ್ಟವಾಗುತ್ತೆ. ಮೊಟ್ಟೆ ಇಡೋದು ಒದ್ದೆ ಮಣ್ಣಲ್ಲಿ, ಎಲೆ ಕೊಳೆತ ಕಡೆ. ಮರಿಗಳು ಅಲ್ಲೇ ಬಸವನಹುಳು ತಿಂದು ಬೆಳೆಯುತ್ತವೆ. ಜನ ಫೋಟೋಗೆ ಅಂತ ದಾರಿ ಬಿಟ್ಟು ಮರದ ಬುಡಕ್ಕೆ ನುಗ್ಗಿ ತುಳಿಯೋದು ಅದೇ ಜಾಗವನ್ನು.

ಶನಿವಾರ ರಾತ್ರಿ ಆ ಕಚ್ಚಾ ರಸ್ತೆಯಲ್ಲಿ ಗಾಡಿಗಳ ಸಾಲು, ಹಾಡು, ಕೂಗಾಟ. ನನಗೆ ನೋಡೋಕೆ ಆಗಲಿಲ್ಲ. ಹೋಗಲೇಬೇಕು ಅಂದರೆ ವಾರದ ನಡುವೆ ಹೋಗಿ, ಹಳ್ಳಿಯಲ್ಲಿ ಉಳಿಯಿರಿ, ದೀಪ ಆರಿಸಿ, ದಾರಿ ಮೇಲೇ ನಿಂತು ನೋಡಿ.

ಸಾಂತಾಕ್ರೂಜ್_ಶೆಟ್ರು
ಹಳ್ಳಿಯವರಿಗೆ ಅದೇ ಸೀಸನ್ ಅಲ್ವಾ? ಅವರ ಸಂಪಾದನೆ?

ಕಾಡು_ದಾರಿ
ಸಂಪಾದನೆ ಬೇಕು, ಒಪ್ಪಿದೆ. ಅದಕ್ಕೇ ಹೇಳುತ್ತಿರೋದು, ಡಿಸೆಂಬರ್, ಜನವರಿಯಲ್ಲೂ ಹೋಗಿ, ಅವರ ಮನೆಯಲ್ಲಿ ಊಟ ಮಾಡಿ ಅಂತ. ಎಲ್ಲರೂ ಮೂರು ವಾರಕ್ಕೇ ಮುಗಿಬಿದ್ದರೆ ಉಳಿದ ತಿಂಗಳು ಅವರಿಗೆ ಏನು? ಮತ್ತೆ ಡಿಸೆಂಬರ್‌ನಲ್ಲಿ ಏನಿದೆ ಅಂತ ಕೇಳಿದ್ರಿ. ಗಾಳಿ ತಿಳಿಯಾಗಿರುತ್ತೆ, ಕೋಟೆಯ ಶ್ರೀವರ್ಧನ ಶಿಖರದ ಮೇಲಿಂದ ಉಲ್ಹಾಸ ನದಿಯ ಕಣಿವೆ ಪೂರ್ತಿ ಕಾಣುತ್ತೆ. ಮಳೆಗಾಲದಲ್ಲಿ ಮಂಜು ಮುಚ್ಚಿ ಎಷ್ಟೋ ಸಲ ಹತ್ತು ಹೆಜ್ಜೆ ಮುಂದಿನದೂ ಕಾಣಲ್ಲ.

ಕೋಥ್ರೂಡ್_ಮೇಷ್ಟ್ರು
ಕೋಟೆಯ ವಿಷಯ ಬಂತಲ್ಲ, ಸ್ವಲ್ಪ ಬರೆಯುತ್ತೇನೆ. ರಾಜಮಾಚಿಯಲ್ಲಿ ಎರಡು ಶಿಖರ, ಎರಡು ಕೋಟೆ. ಎತ್ತರದ್ದು ಶ್ರೀವರ್ಧನ, ಸುಮಾರು 914 ಮೀಟರ್. ಗಿಡ್ಡದ್ದು ಮನರಂಜನ. ನಡುವಿನ ತಗ್ಗಿನಲ್ಲಿ ಭೈರವನಾಥನ ಗುಡಿ. ಕೊಂಕಣದಿಂದ ಘಟ್ಟ ಹತ್ತುವ ಬೋರ್ ಘಾಟದ ದಾರಿ ಮೇಲೆ ಕಣ್ಣಿಡೋಕೆ ಇದಕ್ಕಿಂತ ಒಳ್ಳೆ ಜಾಗ ಇಲ್ಲ. ಕಲ್ಯಾಣ ಬಂದರಿನಿಂದ ಸರಕು ಹೇರಿಕೊಂಡು ಘಟ್ಟ ಹತ್ತಿ ಬರುವವರು ಈ ಕಣಿವೆಯ ದಾರಿಗಳಲ್ಲೇ ಬರಬೇಕಿತ್ತು. ಶಿವಾಜಿ ಮಹಾರಾಜರು 1657ರಲ್ಲಿ ಕಲ್ಯಾಣ-ಭಿವಂಡಿ ಗೆದ್ದ ಹೊತ್ತಿಗೆ ಇದನ್ನೂ ತೆಗೆದುಕೊಂಡರು. 1713ರಲ್ಲಿ ಶಾಹು ಮಹಾರಾಜರಿಂದ ಮರಾಠಾ ನೌಕಾಪಡೆಯ ನಾಯಕ ಕಾನ್ಹೋಜಿ ಆಂಗ್ರೆ ಕೈಗೆ, 1730ರಲ್ಲಿ ಬಾಜೀರಾಯ ಪೇಶ್ವೆ ಕೈಗೆ, 1818ರಲ್ಲಿ ಇಂಗ್ಲಿಷರಿಗೆ.

ತಂದೆಯವರಿಗೆ ಶಕ್ತಿ ಉಳಿದಿದ್ದರೆ ಶ್ರೀವರ್ಧನ ಹತ್ತಿಸಿ, ಹಳ್ಳಿಯಿಂದ ಮುಕ್ಕಾಲು ಗಂಟೆ. ಮೇಲೆ ಎರಡು ಪದರ ಗೋಡೆಯ ಒಂದು ಬುರುಜು ಇದೆ. ಹೊರಗಿನಿಂದ ಒಂದೇ ಗೋಡೆ ಅನ್ನಿಸುತ್ತೆ, ನಡುವೆ ಇಳಿದು ಓಡಾಡಬಹುದು. ಮಗಳು ಅದನ್ನು ಮರೆಯಲ್ಲ. ಬಂಡೆ ಕೊರೆದ ನೀರಿನ ತೊಟ್ಟಿಗಳನ್ನೂ ನೋಡಿ.

ಥಾಣೆ_ಹುಡುಗ
ಮೇಷ್ಟ್ರೇ, ಕೊಂಡಾಣೆ ಗುಹೆ ಬಗ್ಗೆಯೂ ಹೇಳಿ. ನಾನು ಹೇಳಿದರೆ ಯಾರೂ ಕೇಳಲ್ಲ.

ಕೋಥ್ರೂಡ್_ಮೇಷ್ಟ್ರು
ಕೊಂಡಾಣೆ ಕ್ರಿ.ಪೂ. ಒಂದನೇ ಶತಮಾನದ ಸುಮಾರಿನ ಬೌದ್ಧ ಗುಹೆಗಳು. ಚೈತ್ಯದ, ಅಂದರೆ ಪೂಜೆಯ ಸಭಾಂಗಣದ, ಮುಂಭಾಗದಲ್ಲಿ ಒಂದು ಮುಖ ಕೆತ್ತಿದ್ದಾರೆ, ಅದರ ಪಕ್ಕ ಬ್ರಾಹ್ಮಿ ಲಿಪಿಯ ಸಾಲು: ಕಣ್ಹನ ಶಿಷ್ಯ ಬಲಕ ಮಾಡಿದ್ದು ಅಂತ. ಎರಡು ಸಾವಿರ ವರ್ಷದ ಹಿಂದಿನ ಒಬ್ಬ ಕೆಲಸಗಾರನ ಹೆಸರು ಹಾಗೆ ಉಳಿದಿರೋದು ದೊಡ್ಡ ವಿಷಯ. ಆದರೆ ಅದಕ್ಕೆ ಕರ್ಜತ್ ಕಡೆಯಿಂದ ಬೇರೆ ದಿನ ಹೋಗಿ.

ಲೋಣಾವಳಕ್ಕೆ ಬಂದವರು ಹತ್ತಿರದ ಕಾರ್ಲಾ ಗುಹೆಗಳನ್ನು ನೋಡಬೇಕು, ಕನ್ನಡದವರಂತೂ ನೋಡಲೇಬೇಕು. ಪುಣೆ ಕಡೆಯಿಂದ ಬರುವ ಲೋಕಲ್‌ನಲ್ಲಿ ಲೋಣಾವಳಕ್ಕಿಂತ ಒಂದು ಸ್ಟೇಷನ್ ಮೊದಲು ಮಳವಲಿಯಲ್ಲಿ ಇಳಿಯಿರಿ. ಅಲ್ಲಿನ ಮಹಾಚೈತ್ಯದ ಮುಂಭಾಗದ ಶಾಸನ ಹೇಳುತ್ತೆ: ವೈಜಯಂತಿಯ ಶ್ರೇಷ್ಠಿ ಭೂತಪಾಲ ಈ ಶಿಲಾಮಂದಿರವನ್ನು ಪೂರ್ತಿ ಮಾಡಿಸಿದ, ಜಂಬೂದ್ವೀಪದಲ್ಲೇ ಇದು ಉತ್ತಮ. ವೈಜಯಂತಿ ಅಂದರೆ ನಮ್ಮ ಬನವಾಸಿ ಅಂತ ವಿದ್ವಾಂಸರ ಮತ.

ಬೆಳ್ತಂಗಡಿ_ಬೊರಿವಲಿ
ಏನು ಹೇಳ್ತೀರಿ! ಬನವಾಸಿಯ ವ್ಯಾಪಾರಿ ಇಲ್ಲಿ ಬಂದು ಗುಹೆ ಮಾಡಿಸಿದನಾ? ಇಷ್ಟು ವರ್ಷ ಮುಂಬೈಯಲ್ಲಿದ್ದು ಒಬ್ಬರೂ ಹೇಳಲಿಲ್ಲ.

ವಿಜಯಪುರ_ಗೌಡ್ತಿ
ಅದು ಭಾಜೆ ಗುಹೆ ಅಲ್ವಾ ಮೇಷ್ಟ್ರೇ? ಲೋಹಗಡ ಕೋಟೆಗೆ ಹೋಗುವ ದಾರಿಯಲ್ಲಿ ಇರೋದು?

ಕೋಥ್ರೂಡ್_ಮೇಷ್ಟ್ರು
ಅಲ್ಲಮ್ಮ. ಭಾಜೆ ಮತ್ತು ಲೋಹಗಡ ಮಳವಲಿಯಿಂದ ದಕ್ಷಿಣಕ್ಕೆ, ಕಾರ್ಲಾ ಉತ್ತರಕ್ಕೆ, ಹೆದ್ದಾರಿ ದಾಟಿ. ಏಕವೀರಾ ದೇವಿ ಗುಡಿ ಇರೋದು ಕಾರ್ಲಾ ಚೈತ್ಯದ ಬಾಗಿಲಲ್ಲೇ. ಲೋಹಗಡಕ್ಕೆ 2025ರಲ್ಲಿ ವಿಶ್ವ ಪರಂಪರೆಯ ಪಟ್ಟಿಯಲ್ಲಿ ಜಾಗ ಸಿಕ್ಕಿತು, ಮರಾಠಾ ಕೋಟೆಗಳ ಹನ್ನೆರಡರ ಗುಂಪಿನಲ್ಲಿ.

ಮಡಗಾಂವ್_ಮಾಮ
ಮಾಥೇರಾನ್ ಗಿರಿಧಾಮ ಹೇಗೆ? ನೇರಳ್‌ನಿಂದ ಪುಟ್ಟ ರೈಲು, ಮೇಲೆ ಕಾರು, ಬೈಕ್ ಇಲ್ಲ. ವಯಸ್ಸಾದವರಿಗೆ ಅದೇ ಚೆಂದ.

ಮುಲುಂಡ್_ಅಕ್ಕ
ಮಾಮ, ಮಾಥೇರಾನ್ ಊರೊಳಗಿನ ನಡಿಗೆ ತುಂಬಾ ಚೆಂದ, ಎಲ್ಲ ನೆರಳು. ಆದರೆ ಊರಿಂದ ಹಳ್ಳಿಗೆ ಇಳಿಯುವ ದಾರಿಗಳು ಕಡಿದು. ಸನ್‌ಸೆಟ್ ಪಾಯಿಂಟ್‌ನಿಂದ ಧೋದಾಣಿ ಹಳ್ಳಿಗೆ ಇಳಿಯುವ ದಾರಿ ಇದೆ, ಅಲ್ಲಿಂದ ಪನ್ವೇಲ್‌ಗೆ ಹೋಗಬಹುದು. ಮೊಣಕಾಲಿಗೆ ಅದೂ ಬೇಡ.

ಡೊಂಬಿವಲಿ_ರಾಯರು
ಮಳೆಗಾಲದಲ್ಲಿ ಈ ಸಂಭಾಷಣೆ ಓದುವವರಿಗೆ ಒಂದು ಮಾತು, ಕೈಮುಗಿದು. 2024ರ ಜೂನ್ 30ರಂದು ಲೋಣಾವಳದ ಭೂಶಿ ಅಣೆಕಟ್ಟೆಯ ಹಿಂದಿನ ಝರಿಯಲ್ಲಿ ಒಂದೇ ಮನೆಯ ಐದು ಜನ ಕೊಚ್ಚಿಹೋದರು. ಅವರು ನಿಂತಾಗ ನೀರು ಕಡಿಮೆ ಇತ್ತು. ಬೆಟ್ಟದ ಮೇಲೆಲ್ಲೋ ಮಳೆ ಸುರಿದರೆ ಕೆಳಗಿನ ಹಳ್ಳ ನಿಮಿಷದಲ್ಲಿ ಏರುತ್ತೆ. ರಾಜಮಾಚಿ ದಾರಿಯ ಹಳ್ಳಗಳೂ ಹಾಗೇ. ಜುಲೈ, ಆಗಸ್ಟ್‌ನಲ್ಲಿ ಹೋದರೆ ಕಂದು ಬಣ್ಣದ ನೀರು ದಾಟಬೇಡಿ, ಕಾದು ನೋಡಿ, ಇಳಿಯದಿದ್ದರೆ ಹಿಂದಕ್ಕೆ ಬನ್ನಿ. ಜಿಲ್ಲಾಡಳಿತ ನಿಷೇಧ ಹಾಕಿದ್ದರೆ ಹೋಗಲೇ ಬೇಡಿ.

ಸಾಂತಾಕ್ರೂಜ್_ಶೆಟ್ರು
ಮುಂಬೈಯವರು ಯಾವ ರೈಲು ಹಿಡಿಯಬೇಕು? ಲೋಕಲ್ ಕರ್ಜತ್‌ಗೇ ನಿಲ್ಲುತ್ತಲ್ಲ.

ಬೆಳ್ತಂಗಡಿ_ಬೊರಿವಲಿ
ಹೌದು, ಮುಂಬೈ ಲೋಕಲ್ ಘಟ್ಟ ಹತ್ತಲ್ಲ. ಬೆಳಗಿನ ಇಂದ್ರಾಯಣಿ ಎಕ್ಸ್‌ಪ್ರೆಸ್ ಹಿಡಿಯಿರಿ. ಕರ್ಜತ್‌ನಲ್ಲಿ ಹಿಂದೆ ಇಂಜಿನ್ ಸೇರಿಸಿ ತಳ್ಳುತ್ತಾರೆ, 37 ಅಡಿಗೆ ಒಂದು ಅಡಿ ಏರುವ ದಾರಿ ಅದು. 1863ರಲ್ಲೇ ಕಟ್ಟಿ ಮುಗಿಸಿದ್ದರು. ಸುರಂಗಗಳ ನಡುವೆ ಕಿಟಕಿಯಲ್ಲಿ ಕಣಿವೆಯಾಚೆ ರಾಜಮಾಚಿಯ ಎರಡು ಶಿಖರ ಕಾಣುತ್ತವೆ, ಮಕ್ಕಳಿಗೆ ತೋರಿಸಿ.

ಚಿಂಚವಡ_ವಾಸಿ
ಎಲ್ಲರ ಮಾತು ಕೇಳಿ ಹೀಗೆ ಯೋಚಿಸಿದ್ದೇವೆ. ನಾನು, ಅಪ್ಪ, ಮಗಳು ಬೆಳಗಿನ ಮೊದಲ ಲೋಕಲ್‌ನಲ್ಲಿ ಲೋಣಾವಳಕ್ಕೆ, ತುಂಗಾರ್ಲಿ ಕಟ್ಟೆವರೆಗೆ ಆಟೋ, ಅಲ್ಲಿಂದ ನಡಿಗೆ. ಅಮ್ಮ ಮತ್ತು ಹೆಂಡತಿ ಆಮೇಲಿನ ಲೋಕಲ್‌ನಲ್ಲಿ ಬಂದು ಜೀಪಲ್ಲಿ ಹಳ್ಳಿಗೆ. ಅಲ್ಲೇ ಊಟ. ಸಂಜೆ ನಾಲ್ಕಕ್ಕೆ ಎಲ್ಲರೂ ಅದೇ ಜೀಪಲ್ಲಿ ವಾಪಸ್. ಸರಿ ಇದೆಯಾ ರಾಯರೇ?

ಡೊಂಬಿವಲಿ_ರಾಯರು
ಚೆನ್ನಾಗಿದೆ. ಎರಡು ತಿದ್ದುಪಡಿ. ನಾಲ್ಕಲ್ಲ, ಮೂರೂವರೆಗೇ ಹೊರಡಿ. ಡಿಸೆಂಬರ್‌ನಲ್ಲಿ ಆರು ಗಂಟೆಗೆಲ್ಲ ಸೂರ್ಯ ಮುಳುಗುತ್ತಾನೆ, ಆ ರಸ್ತೆಯಲ್ಲಿ ಜೀಪು ನಿಧಾನ. ಎರಡನೆಯದು, ನಡೆಯುವವರೂ ಜೀಪಿನವರೂ ಎಷ್ಟು ಹೊತ್ತಿಗೆ ಎಲ್ಲಿ ಸೇರೋದು ಅಂತ ಲೋಣಾವಳದಲ್ಲೇ ಮಾತಾಡಿ ಮುಗಿಸಿ. ಮುಂದೆ ನೆಟ್‌ವರ್ಕ್ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಜೀಪು ಬರೋದೂ ನೀವು ನಡೆಯುವ ದಾರಿಯಲ್ಲೇ. ಮಗಳಿಗೋ ತಂದೆಗೋ ಸಾಕಾಯಿತು ಅನ್ನಿಸಿದರೆ ಅಲ್ಲೇ ಕೂತು ಕಾಯಿರಿ, ಹತ್ತಿಸಿಕೊಳ್ಳುತ್ತಾರೆ.

ಕಾಡು_ದಾರಿ
ಚಿಪ್ಸ್ ಪೊಟ್ಟಣ, ನೀರಿನ ಬಾಟಲಿ ಅಲ್ಲಿ ಬಿಡಬೇಡಿ. ಹಳ್ಳಿಯ ಕಸ ಎತ್ತೋಕೆ ಯಾವ ಗಾಡಿಯೂ ಬರಲ್ಲ, ಬಿಟ್ಟದ್ದೆಲ್ಲ ಅವರೇ ಸುಡಬೇಕು. ಖಾಲಿ ಚೀಲ ಒಂದು ಇಟ್ಟುಕೊಳ್ಳಿ, ಲೋಣಾವಳಕ್ಕೇ ತನ್ನಿ.

ಮುಲುಂಡ್_ಅಕ್ಕ
ಮಗಳಿಗೆ ಹೊಸ ಶೂ ಅವತ್ತೇ ಹಾಕಿಸಬೇಡಿ, ಬೊಬ್ಬೆ ಬರುತ್ತೆ. ಹಳೇ ಶೂ, ಸಾಕ್ಸ್. ಟೋಪಿ ಮರೆಯಬೇಡಿ. ನೆರಳಿರುವ ತುಂಡು, ಬಯಲು ತುಂಡು ಎರಡೂ ಇವೆ, ಹತ್ತು ಗಂಟೆ ಮೇಲೆ ಬಿಸಿಲು ಚುರುಕು.

ಪಿಂಪ್ರಿ_ಮಂಜು
ನಾವು ಆಫೀಸಿನವರು ಹದಿನಾಲ್ಕು ಜನ ಜನವರಿಯಲ್ಲಿ ಹೋಗಬೇಕು ಅಂತಿದ್ದೇವೆ. ನಡೆದು ಹೋಗಿ ಕರ್ಜತ್ ಕಡೆ ಇಳಿಯೋದು ಒಂದೇ ದಿನದಲ್ಲಿ ಆಗುತ್ತಾ?

ಥಾಣೆ_ಹುಡುಗ
ಒಂದೇ ದಿನಕ್ಕೆ ಬೇಡ. ಶನಿವಾರ ನಡೆದು ಹಳ್ಳಿಯಲ್ಲಿ ಉಳಿಯಿರಿ, ಭಾನುವಾರ ಬೆಳಿಗ್ಗೆ ತಂಪಲ್ಲಿ ಕೊಂಡಿವಡೆಗೆ ಇಳಿಯಿರಿ, ಕೊಂಡಾಣೆ ಗುಹೆ ನೋಡಿಕೊಂಡು. ಕೊಂಡಿವಡೆಯಿಂದ ಕರ್ಜತ್ ಸ್ಟೇಷನ್‌ಗೆ ಟಮ್‌ಟಮ್ (ಶೇರ್ ಆಟೋ) ಸಿಗುತ್ತೆ. ಇಳಿಯುವಾಗ ಕವಲು ಜಾಸ್ತಿ, ಹಳ್ಳಿಯ ಹುಡುಗನೊಬ್ಬನನ್ನು ದಾರಿ ತೋರಿಸೋಕೆ ಕರೆದುಕೊಳ್ಳಿ, ಅವನ ಕೂಲಿ ಮೊದಲೇ ಮಾತಾಡಿ ಕೊಡಿ.

ವಿಜಯಪುರ_ಗೌಡ್ತಿ
ಹದಿನಾಲ್ಕು ಜನ ಅಂದರೆ ಒಂದು ಮನೆಯ ಒಲೆಗೆ ಜಾಸ್ತಿ ಆಗುತ್ತೆ. ಮೂರ್ನಾಲ್ಕು ದಿನ ಮೊದಲೇ ಫೋನ್ ಮಾಡಿ, ಎರಡು ಮನೆಗಳಲ್ಲಿ ಹಂಚಿಕೊಂಡು ಊಟ ಹೇಳಿ. ಹೇಳಿದ ಮೇಲೆ ಜನ ಕಡಿಮೆಯಾದರೂ ಹೇಳಿದಷ್ಟು ದುಡ್ಡು ಕೊಡಿ, ಅವರು ಲೋಣಾವಳದಿಂದ ಸಾಮಾನು ತಂದಿರುತ್ತಾರೆ.